ಹಳೆಯ ಆಸ್ಪತ್ರೆ, ಬೆಳೆದ ಊರು

ನಗರದ ನಡುವಣ ಹಳೆಯ ಆಸ್ಪತ್ರೆಗಳನ್ನು ಮುಚ್ಚಿ ಬೇರೆಡೆ ಹೊಸದನ್ನು ಕಟ್ಟಬೇಕೆಂಬ ಮಾತು ಆಗಾಗ ರಾಜಕೀಯದ ಕಣಕ್ಕಿಳಿಯುತ್ತದೆ. ಒಂದು ಪಕ್ಷಕ್ಕೆ ಗೋಡೆಯ ಬಿರುಕು ಕಾಣುತ್ತದೆ, ಇನ್ನೊಂದಕ್ಕೆ ಕಮಾನಿನ ಚೆಲುವು. ರೋಗಿಗಳು ಯಾವ ದಾರಿಯಿಂದ ಬರುತ್ತಾರೆಂದು ವಿಚಾರಿಸುವವರು ವಿರಳ.

ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಯನ್ನು ನೋಡಿ. ಬೀದರ್, ಕಲಬುರಗಿ, ರಾಯಚೂರುಗಳು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, 1925ರ ವೇಳೆಗೆ ಮೂಸಿ ನದಿಯ ದಡದಲ್ಲಿ ಎದ್ದ ಭವ್ಯ ಕಟ್ಟಡವದು. 2015ರಲ್ಲಿ ಅದನ್ನು ಕೆಡವುವ ಮಾತನ್ನು ತೆಲಂಗಾಣ ಸರ್ಕಾರ ಎತ್ತಿದಾಗ ಪರಂಪರೆಯ ಪಕ್ಷಪಾತಿಗಳು ಪ್ರತಿಭಟಿಸಿದರು. 2020ರ ಜುಲೈ ಮಳೆಯಲ್ಲಿ ವಾರ್ಡುಗಳಿಗೆ ನೀರು ನುಗ್ಗಿ, ಹಳೆಯ ಕಟ್ಟಡಕ್ಕೆ ಬೀಗ ಬಿದ್ದಿತು. 2025ರ ಜನವರಿಯಲ್ಲಿ, ಅಲ್ಲಿಗೆ ಬಹುದೂರವಲ್ಲದ ಗೋಶಾಮಹಲಿನಲ್ಲಿ ಹೊಸ ಆಸ್ಪತ್ರೆಗೆ ಶಂಕುಸ್ಥಾಪನೆಯಾಯಿತು. ಅದಕ್ಕೂ ಸ್ಥಳೀಯರ ವಿರೋಧವಿದ್ದಿತು. ಆದರೆ ರೋಗಿಗಳ ದಾರಿ ತಪ್ಪಲಿಲ್ಲವೆಂಬುದು ನನ್ನ ದೃಷ್ಟಿಯಲ್ಲಿ ದೊಡ್ಡ ಸಂಗತಿ.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಡಿಗಲ್ಲು ಬಿದ್ದಿತು. ಮರುವರ್ಷವೇ ಪ್ಲೇಗು ಬಂದಿತು. 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಅದನ್ನು ಉದ್ಘಾಟಿಸಿದ. ಬಳಿಕ ಕಣ್ಣಿಗೆಂದು ಮಿಂಟೊ, ಹೆಂಗಸರು ಮಕ್ಕಳಿಗೆಂದು ವಾಣಿವಿಲಾಸ ಅದರ ನೆರೆಗೆ ಬಂದವು. ಪಕ್ಕದಲ್ಲೇ ಮಾರುಕಟ್ಟೆ, ಕಲಾಸಿಪಾಳ್ಯದ ಬಸ್ ನಿಲ್ದಾಣ. ಹಳ್ಳಿಯಿಂದ ಬಂದು ಬಸ್ಸಿಳಿದವನು ಯಾರ ನೆರವೂ ಇಲ್ಲದೆ ನಡೆದೇ ತಲುಪಬಲ್ಲ ಆಸ್ಪತ್ರೆ ಅದು.

ಆದರೆ ಊರು ಉತ್ತರಕ್ಕೆ ಬೆಳೆದಿದೆ. ತನ್ನದೇ ನಗರಸಭೆಯನ್ನು ಹೊಂದಿದ್ದ ಯಲಹಂಕ 2007ರಲ್ಲಿ ಮಹಾನಗರದಲ್ಲಿ ಸೇರಿತು. ಯಶವಂತಪುರದವರು ಭಾಗ್ಯವಂತರು: ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಅವರಿಗೆ ಹತ್ತಿರ; 2017ರ ಜೂನಿನಲ್ಲಿ ಮೆಟ್ರೊದ ಹಸಿರು ಮಾರ್ಗ ಪೂರ್ಣವಾದಾಗ ಮಾರುಕಟ್ಟೆಯ ನಿಲ್ದಾಣವೂ ನೇರ ದಾರಿಯಾಯಿತು. ಆ ಮಾರ್ಗ ಆರ್.ಟಿ. ನಗರ, ಹೆಬ್ಬಾಳ, ಯಲಹಂಕಗಳನ್ನು ಮುಟ್ಟಲಿಲ್ಲ. ಹೆಬ್ಬಾಳದಲ್ಲಿ 1973ರಿಂದ ಬ್ಯಾಪ್ಟಿಸ್ಟ್ ಆಸ್ಪತ್ರೆಯಿದೆ. ಆಮೇಲೆ ಖಾಸಗಿ ಆಸ್ಪತ್ರೆಗಳು ಬಂದವು, ಅವುಗಳ ಬಿಲ್ಲೂ ಬಂದಿತು. ತಲೆಗೆ ಪೆಟ್ಟು ಬಿದ್ದವನನ್ನು ಯಲಹಂಕದಿಂದ ನಿಮ್ಹಾನ್ಸಿಗೆ ಒಯ್ಯಬೇಕಾದರೆ ಊರನ್ನೇ ದಾಟಬೇಕು.

ಆದುದರಿಂದ ಉತ್ತರಕ್ಕೊಂದು ದೊಡ್ಡ ಸರ್ಕಾರಿ ಆಸ್ಪತ್ರೆ ಬೇಕೆಂಬ ಬೇಡಿಕೆ ನ್ಯಾಯವಾದುದೇ. ಅದಕ್ಕಾಗಿ ಮಾರುಕಟ್ಟೆಯ ಪಕ್ಕದ ಹಾಸಿಗೆಗಳನ್ನು ಕಡಿಮೆ ಮಾಡೋಣವೆಂದು ನಾಳೆ ಯಾರಾದರೂ ಹೇಳಿದರೆ, ಅವರ ಕಣ್ಣು ರೋಗಿಯ ಮೇಲಿದೆಯೋ ಅಲ್ಲಿನ ನೆಲದ ಬೆಲೆಯ ಮೇಲಿದೆಯೋ ಎಂದು ಕೇಳಬೇಕಾಗುತ್ತದೆ. ಮೊದಲು ಹೊಸದರ ಬಾಗಿಲು ತೆರೆಯಲಿ. ನಾಲ್ಕಾರು ವರ್ಷ ಎರಡೂ ಕಡೆಯ ಹೊರರೋಗಿ ಚೀಟಿಗಳಲ್ಲಿ ಊರಿನ ಹೆಸರನ್ನು ಬರೆದಿಟ್ಟು ನೋಡಲಿ. ಹಳೆಯ ಆಸ್ಪತ್ರೆಯ ಯಾವ ವಾರ್ಡು ಬೇಕು, ಯಾವುದು ಬೇಡವೆಂಬ ಚರ್ಚೆಯನ್ನು ಶಾಸನಸಭೆಯಲ್ಲಿ ಆ ಚೀಟಿಗಳನ್ನು ಮುಂದಿಟ್ಟುಕೊಂಡೇ ನಡೆಸಬಹುದು.