ಕಾಲೇಜು ಬಿಟ್ಟಳು ಅನ್ನೋದಕ್ಕೆ ಮುಂಚೆ



ಸಂಘದ ಸಭೆಯಲ್ಲಿ ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಮುಗಿದ ಮೇಲೆ "ಮಕ್ಕಳು ಹೇಗಿದ್ದಾರೆ?" ಅಂತ ನಾವು ಕೇಳುವುದುಂಟು. ವೀರನಹೊಸಹಳ್ಳಿ ಕಡೆಯ ಒಂದು ಸಂಘದಲ್ಲಿ ಹೀಗೆ ಕೇಳಿದಾಗ ಒಬ್ಬ ತಾಯಿ ತಲೆ ತಗ್ಗಿಸಿಕೊಂಡು, "ನಮ್ಮವ್ಳು ಕಾಲೇಜ್ ಬುಟ್ಟುಬುಟ್ಳು ಸಿಸ್ಟರ್" ಅಂದರು. ಮಗಳು ಬಿ.ಎ. ಎರಡನೇ ವರ್ಷ ಓದುತ್ತಿದ್ದಳು. ಮೊದಲ ಎರಡು ಸೆಮಿಸ್ಟರ್‌ನಲ್ಲಿ ಒಂದು ಪೇಪರೂ ಬಾಕಿ ಇರಲಿಲ್ಲ.

ಆದದ್ದು ಇಷ್ಟು. ಆಗಸ್ಟ್ ತಿಂಗಳಲ್ಲಿ ಆಕೆಯ ತಂದೆ ತೀರಿಕೊಂಡರು. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ ಏರಿಸುವ ಕಾಲ. ಹೊಗೆಸೊಪ್ಪು ಬೇಯಿಸುವಾಗ ರಾತ್ರಿ ಹಗಲು ಒಬ್ಬರು ಬೆಂಕಿ ಮುಂದೆ ಇರಲೇಬೇಕು, ನಿಮಗೆ ನಾವು ಹೇಳಬೇಕಾಗಿಲ್ಲ. ಮಗಳು ಆರು ವಾರ ಕಾಲೇಜಿಗೆ ಹೋಗಲಿಲ್ಲ. ಮತ್ತೆ ಹೋದಾಗ ಹಾಜರಾತಿ ಕಡಿಮೆ ಇರುವವರ ಪಟ್ಟಿಯಲ್ಲಿ ಆಕೆಯ ಹೆಸರಿತ್ತು. ಎರಡು ಆಂತರಿಕ ಪರೀಕ್ಷೆ ತಪ್ಪಿ ಹೋಗಿತ್ತು. ಕಿಟಕಿಯಲ್ಲಿ ಕೇಳಿದ್ದಕ್ಕೆ "ಮುಂದಿನ ವರ್ಷ ಬಾ" ಅಂದರಂತೆ. ಹುಡುಗಿ ಅಳುತ್ತಾ ಬಸ್ ಹತ್ತಿದಳು. ಮನೆಯಲ್ಲಿ ಎಲ್ಲರೂ ಓದು ಮುಗಿಯಿತು ಅಂದುಕೊಂಡರು.

ಇದರಲ್ಲಿ ನಮ್ಮ ತಪ್ಪೂ ಇದೆ. ಹನ್ನೊಂದನೇ ದಿನದ ಕಾರ್ಯಕ್ಕೆ ನಾವು ಆ ಮನೆಗೆ ಹೋಗಿದ್ದೆವು. "ಸ್ವಲ್ಪ ದಿನ ಮನೇಲಿರಲಿ, ದುಃಖ ಇಳೀಲಿ" ಅಂತ ಆ ತಾಯಿಗೆ ಹೇಳಿ ಬಂದವರು ನಾವೇ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದಿದ್ದರೂ, ಅವತ್ತು ಕಾಲೇಜಿಗೆ ಒಂದು ಪತ್ರ ಬರೆಸಬೇಕು ಅನ್ನೋದು ನಮಗೆ ಹೊಳೆಯಲಿಲ್ಲ. ಆ ಕಾರಣಕ್ಕೇ ಈ ಲೇಖನ ಬರೆಯುತ್ತಿದ್ದೇವೆ.

ಸಂಘದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಒಬ್ಬ ಸದಸ್ಯೆ "ಎರಡು ತಿಂಗಳು ಉಳಿತಾಯ ಕಟ್ಟೋಕೆ ಆಗಲ್ಲ, ಗಂಡನಿಗೆ ಆಪರೇಷನ್ ಆಗಿದೆ" ಅಂತ ಸಭೆಯಲ್ಲಿ ಹೇಳುತ್ತಾರೆ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯುತ್ತೇವೆ, ಆಕೆಯ ಸದಸ್ಯತ್ವಕ್ಕೆ ಏನೂ ಆಗುವುದಿಲ್ಲ. ಇನ್ನೊಬ್ಬರು ಹೇಳದೆ ಕೇಳದೆ ನಾಲ್ಕು ಸಭೆ ತಪ್ಪಿಸುತ್ತಾರೆ. ಕಷ್ಟ ಇಬ್ಬರದ್ದೂ ಒಂದೇ ಇರಬಹುದು, ಆದರೆ ಪುಸ್ತಕದಲ್ಲಿ ಇಬ್ಬರೂ ಒಂದೇ ಅಲ್ಲ. ಕಾಲೇಜಿನಲ್ಲೂ ಹಾಗೇ. ಹೇಳದೆ ಹೋದರೆ ಬಿಟ್ಟ ಹಾಗೆ, ಬರೆದು ಕೊಟ್ಟರೆ ನಿಲ್ಲಿಸಿದ ಹಾಗೆ. ನಿಲ್ಲಿಸಿದ್ದನ್ನು ಮುಂದುವರಿಸಬಹುದು.

ಡಿಗ್ರಿ ಕಾಲೇಜಿನಲ್ಲಿ ಸಾಮಾನ್ಯವಾಗಿ ಪ್ರತಿ ವಿಷಯಕ್ಕೂ ಶೇಕಡಾ 75 ಹಾಜರಾತಿ ಬೇಕು. ನೂರು ತರಗತಿ ನಡೆದರೆ 25ಕ್ಕೆ ಹೋಗದಿದ್ದರೂ ನಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆದರೆ ಕಾಯಿಲೆಯಂಥ ಕಾರಣಕ್ಕೆ ಸ್ವಲ್ಪ ಕಡಿಮೆಯಾಗಿದ್ದರೆ ಮಾಫಿ ಮಾಡುವ ಅವಕಾಶ ಹಲವು ವಿಶ್ವವಿದ್ಯಾನಿಲಯಗಳ ನಿಯಮದಲ್ಲಿದೆ. ಎಷ್ಟು ಮಾಫಿ, ಯಾರು ಮಾಡಬೇಕು ಅನ್ನೋದು ಎಲ್ಲ ಕಡೆ ಒಂದೇ ಥರ ಇಲ್ಲ. ಒಂದಂತೂ ಎಲ್ಲ ಕಡೆ ಒಂದೇ: ಅರ್ಜಿ ಬೇಕು, ಅದರ ಜೊತೆ ದಾಖಲೆ ಬೇಕು, ಎರಡೂ ಪಟ್ಟಿ ಹಾಕುವ ಮುಂಚೆ ಕಾಲೇಜಿಗೆ ತಲುಪಬೇಕು. ತಪ್ಪಿದ ಆಂತರಿಕ ಪರೀಕ್ಷೆಯನ್ನು ಬೇರೆ ದಿನ ಬರೆಸಿ ಅಂತಲೂ ಅದೇ ಅರ್ಜಿಯಲ್ಲಿ ಕೇಳಿಕೊಳ್ಳಬಹುದು.

ದಾಖಲೆ ಅಂದಾಗ ನಮಗೆ ಬೇಸರವಾಗುವ ಒಂದು ವಿಷಯ ಹೇಳಬೇಕು. ಹೊಗೆಸೊಪ್ಪು ಹರಾಜು ಕಟ್ಟೆಯಲ್ಲಿ ಕೊಟ್ಟ ಬಿಲ್ಲನ್ನು ನೀವು ಹತ್ತು ವರ್ಷ ಆದರೂ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿರುತ್ತೀರಿ. ಆಸ್ಪತ್ರೆ ಚೀಟಿ ಮಾತ್ರ ಮಾತ್ರೆ ಮುಗಿದ ದಿನವೇ ಒಲೆಗೆ ಹೋಗುತ್ತದೆ! ಕಾಲೇಜಿನವರು ನೋಡುವುದು ಆ ಚೀಟಿಯ ದಿನಾಂಕವನ್ನೇ. ಎರಡು ತಿಂಗಳಾದ ಮೇಲೆ ಯಾರ ಹತ್ತಿರವೋ ಬರೆಸಿಕೊಂಡು ಬಂದ ಸರ್ಟಿಫಿಕೇಟಿಗಿಂತ ಅವತ್ತೇ ಕೊಟ್ಟ ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿಗೆ ಬೆಲೆ ಹೆಚ್ಚು. ಮನೆಯಲ್ಲಿ ಸಾವಾಗಿದ್ದರೆ 21 ದಿನದೊಳಗೆ ನೋಂದಣಿ ಮಾಡಿಸಿ, ಮರಣ ಪ್ರಮಾಣ ಪತ್ರ ತೆಗೆದುಕೊಳ್ಳಿ. ವಿಧವಾ ವೇತನಕ್ಕೂ ಅದು ಬೇಕು, ಮಗಳ ಹಾಜರಾತಿಗೂ ಬೇಕು.

ಅರ್ಜಿ ಬರೆಯಲು ಇಂಗ್ಲಿಷ್ ಬೇಕಾಗಿಲ್ಲ. ಪ್ರಾಂಶುಪಾಲರಿಗೆ ಕನ್ನಡದಲ್ಲಿ ಹೀಗೆ ಬರೆದರೆ ಸಾಕು:

"ಮಾನ್ಯರೇ, ನಾನು ........ ತರಗತಿಯ ವಿದ್ಯಾರ್ಥಿನಿ, ನೋಂದಣಿ ಸಂಖ್ಯೆ ........ . ನನ್ನ ತಂದೆಯವರು ದಿನಾಂಕ ........ ರಂದು ತೀರಿಕೊಂಡ ಕಾರಣ ದಿನಾಂಕ ........ ರಿಂದ ........ ರವರೆಗೆ ತರಗತಿಗೆ ಬರಲು ಸಾಧ್ಯವಾಗುವುದಿಲ್ಲ. ಈ ಅವಧಿಯ ಹಾಜರಾತಿ ಕೊರತೆಯನ್ನು ನಿಯಮದ ಪ್ರಕಾರ ಪರಿಗಣಿಸಬೇಕೆಂದೂ, ತಪ್ಪುವ ಆಂತರಿಕ ಪರೀಕ್ಷೆಯನ್ನು ಬೇರೆ ದಿನ ಬರೆಯಲು ಅವಕಾಶ ಕೊಡಬೇಕೆಂದೂ ಕೋರುತ್ತೇನೆ. ದಾಖಲೆಯನ್ನು ದಿನಾಂಕ ........ ರೊಳಗೆ ತಂದುಕೊಡುತ್ತೇನೆ."

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. "ಹೇಳಿದ್ದೀವಿ ಬಿಡಿ" ಅನ್ನೋದು ಆರು ತಿಂಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಮಗಳು ಹೋಗುವ ಸ್ಥಿತಿಯಲ್ಲಿಲ್ಲದಿದ್ದರೆ ತಾಯಿ ಹೋಗಬಹುದು. ತಾಯಿಯೂ ಹೊರಗೆ ಹೋಗುವ ಹಾಗಿಲ್ಲದಿದ್ದರೆ ಸಂಘದ ಇಬ್ಬರು ಹೋಗಿ ಬನ್ನಿ. ಬ್ಯಾಂಕ್ ಮ್ಯಾನೇಜರ್ ಮುಂದೆ ಕುರ್ಚಿ ಎಳೆದುಕೊಂಡು ಕೂರುವ ನಮ್ಮ ಸದಸ್ಯೆಯರು ಕಾಲೇಜಿನ ಗೇಟಿನಲ್ಲಿ ಯಾಕೆ ಹಿಂಜರಿಯುತ್ತಾರೋ ನಮಗೆ ಅರ್ಥವಾಗುವುದಿಲ್ಲ.

ಕಾಡಂಚಿನ ಹಾಡಿಗಳ ಮಕ್ಕಳ ತೊಂದರೆ ಇನ್ನೊಂದು ಥರ. ಜೇನುಕುರುಬ, ಬೆಟ್ಟಕುರುಬ, ಯರವ ಮನೆಗಳಿಂದ ಡಿಗ್ರಿವರೆಗೆ ಬಂದವರೇ ಕಡಿಮೆ. ಕಾಲೇಜಿನ ಸೂಚನೆಗಳೆಲ್ಲ ಈಗ ವಾಟ್ಸಪ್‌ನಲ್ಲಿ ಬರುತ್ತವೆ, ಎಷ್ಟೋ ಹಾಡಿಗಳಲ್ಲಿ ಸಿಗ್ನಲ್ಲೇ ಇರುವುದಿಲ್ಲ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಗೊತ್ತಾಗುವುದೇ ಅದು ಮುಗಿದ ಮೇಲೆ. ತಂದೆ ತಾಯಿ ಕಾಫಿ ಕೆಲಸಕ್ಕೆ ಕೊಡಗಿಗೆ ಹೋದರೆ ಚಿಕ್ಕವರನ್ನು ನೋಡಿಕೊಳ್ಳಲು ಕಾಲೇಜಿನ ಹುಡುಗಿಯೇ ಮನೆಯಲ್ಲಿ ಉಳಿಯಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು ನಿಜ. ಆದರೆ ಸಂಜೆ ವಿಶೇಷ ತರಗತಿ ಮುಗಿಸಿ ಕತ್ತಲಲ್ಲಿ ಇಳಿದು, ಆನೆ ಓಡಾಡುವ ದಾರಿಯಲ್ಲಿ ನಡೆದು ಬರೋದು ಯಾರಿಂದ ಸಾಧ್ಯ? ಇದನ್ನೂ ಬರೆದು ಕೊಡಬಹುದು. ಪಟ್ಟಣದಿಂದ ಬರುವ ಅಧ್ಯಾಪಕರಿಗೆ ಇದು ತಾನಾಗಿ ಗೊತ್ತಾಗುವುದಿಲ್ಲ.

ಮದುವೆಯಾದ ಹುಡುಗಿಯರ ವಿಷಯಕ್ಕೆ ಬರೋಣ. ಓದುತ್ತಿರುವಾಗಲೇ ಗರ್ಭಿಣಿಯಾದರೆ "ಇನ್ನೇನು ಓದು" ಅಂತ ಅತ್ತೆ ಮನೆಯವರೂ ಅನ್ನುತ್ತಾರೆ, ಕೆಲವೊಮ್ಮೆ ತವರಿನವರೂ ಅನ್ನುತ್ತಾರೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2021ರ ಡಿಸೆಂಬರ್‌ನಲ್ಲಿ ಎಲ್ಲ ವಿಶ್ವವಿದ್ಯಾನಿಲಯಗಳಿಗೆ ಪತ್ರ ಬರೆಯಿತು. ಪದವಿ, ಸ್ನಾತಕೋತ್ತರ ಪದವಿ ಓದುವ ಹೆಣ್ಣುಮಕ್ಕಳಿಗೆ ಹೆರಿಗೆ ಸಮಯದಲ್ಲಿ ಹಾಜರಾತಿಯಲ್ಲಿ ರಿಯಾಯಿತಿ, ಪರೀಕ್ಷಾ ಅರ್ಜಿ ಕೊಡಲು ಹೆಚ್ಚು ಸಮಯ ಮುಂತಾದ ಅನುಕೂಲಗಳಿಗೆ ನಿಯಮ ಮಾಡಿಕೊಳ್ಳಿ ಅಂತ ಸೂಚಿಸಿತು. ಪಕ್ಕದ ಕೇರಳದಲ್ಲಿ 2023ರಲ್ಲಿ ಸರ್ಕಾರವೇ ಮುಂದೆ ಬಂದು ವಿದ್ಯಾರ್ಥಿನಿಯರಿಗೆ ಮುಟ್ಟಿನ ಕಾರಣಕ್ಕಾಗಿ ಶೇಕಡಾ 73 ಹಾಜರಾತಿ ಇದ್ದರೆ ಸಾಕು ಅಂತ ಮಾಡಿತು, 60 ದಿನಗಳ ಹೆರಿಗೆ ರಜೆಯನ್ನೂ ಕೊಟ್ಟಿತು. ತಾಯಿ ಕಾರ್ಡ್ ಇಟ್ಟುಕೊಂಡು ಐದನೇ ತಿಂಗಳಲ್ಲೇ ಹೋಗಿ ಕೇಳಿ, ಒಂಬತ್ತನೇ ತಿಂಗಳವರೆಗೆ ಕಾಯಬೇಡಿ.

ಪರೀಕ್ಷೆ ಬರೆಯಲು ಕೈ ಸಾಗದವರಿಗೂ ದಾರಿ ಇದೆ. ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಇಲ್ಲದವರಿಗೆ, ಬರೆಯಲು ಕಷ್ಟವಾಗುವುದಾದರೆ, ಬರೆದುಕೊಡುವವರ ಸಹಾಯ ಮತ್ತು ಗಂಟೆಗೆ 20 ನಿಮಿಷ ಹೆಚ್ಚು ಸಮಯದ ಅವಕಾಶವನ್ನು ಕೇಂದ್ರ ಸರ್ಕಾರ 2018ರ ಮಾರ್ಗಸೂಚಿಯಲ್ಲಿ ಕೊಟ್ಟಿತು. ಪರೀಕ್ಷೆ ಮುಂದೆ ಇರುವಾಗ ಬಿದ್ದು ಕೈ ಮುರಿದುಕೊಂಡವರೂ ವೈದ್ಯರ ಪತ್ರ ಹಿಡಿದು ಹೋಗಿ ಕೇಳಬೇಕು.

ಇನ್ನು ಕಣ್ಣಿಗೆ ಕಾಣದ ಕಷ್ಟ. ಮಗ ಊಟ ಬಿಟ್ಟಿದ್ದಾನೆ, ನಿದ್ದೆ ಇಲ್ಲ, ಪುಸ್ತಕ ತೆರೆದರೆ ಅಳು ಬರುತ್ತದೆ, "ನಾನು ಯಾಕಾದರೂ ಬದುಕಿದ್ದೀನೋ" ಅನ್ನುತ್ತಾನೆ. ಇದನ್ನು ಸೋಮಾರಿತನ ಅಂತ ಬೈಯಬೇಡಿ, ಗಾಳಿ ಸೋಕಿದೆ ಅಂತ ಮಂತ್ರ ಹಾಕಿಸಿ ಸುಮ್ಮನಾಗಲೂ ಬೇಡಿ. 14416 ಅನ್ನೋ ಟೆಲಿ ಮಾನಸ್ ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ ಇದು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಸಾಯುವ ಮಾತು ಬಂದರೆ ಮಗುವನ್ನು ಒಂಟಿಯಾಗಿ ಬಿಡದೆ ಅವತ್ತೇ ಕರೆದುಕೊಂಡು ಹೋಗಿ. ಕಾಲೇಜಿನ ಅರ್ಜಿ ಮರುದಿನ ಬರೆದರಾಯಿತು, ಅದಕ್ಕೂ ಅಲ್ಲಿನ ವೈದ್ಯರ ಚೀಟಿ ನಡೆಯುತ್ತದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು ಅಂತ ಹೇಳಿದೆ. ನಿಮ್ಮ ಮಕ್ಕಳ ಕಾಲೇಜಿನಲ್ಲಿ ಯಾರಿದ್ದಾರೆ ಅಂತ ಕೇಳುವ ಹಕ್ಕು ನಿಮಗಿದೆ.

ಆರು ವಾರದಲ್ಲಿ ಮುಗಿಯುವ ಕಷ್ಟ ಅಲ್ಲ, ಒಂದು ವರ್ಷ ಬೇಕು ಅನ್ನಿಸಿದರೆ? ಆಗ ಅರ್ಜಿ ಕೊಟ್ಟು ನಿಲ್ಲಿಸಿ, ಮುಂದಿನ ವರ್ಷ ಅದೇ ಸೆಮಿಸ್ಟರ್‌ಗೆ ಮರುಪ್ರವೇಶ ಪಡೆಯಬೇಕು. ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳಲ್ಲಿ ಹೀಗೆ ನಿಲ್ಲಿಸಿ ಬರುವುದು ಮಾಮೂಲು, ಅದಕ್ಕೊಂದು ಫಾರಂ ಇರುತ್ತದೆ, ಯಾರೂ ಅವಮಾನ ಅಂದುಕೊಳ್ಳುವುದಿಲ್ಲ. ನಮ್ಮಲ್ಲಿ ಅವಮಾನಕ್ಕೇ ಅರ್ಧ ಮಕ್ಕಳು ವಾಪಸ್ ಹೋಗುವುದಿಲ್ಲ. ನಿಲ್ಲಿಸುವ ಮುಂಚೆ ಮೂರು ವಿಷಯ ಕೇಳಿಕೊಳ್ಳಿ. ಡಿಗ್ರಿ ಮುಗಿಸಲು ಒಟ್ಟು ಎಷ್ಟು ವರ್ಷದ ಗಡುವು ಇದೆ? ಸ್ಕಾಲರ್‌ಶಿಪ್, ಹಾಸ್ಟೆಲ್ ಮತ್ತೆ ಸಿಗುತ್ತದೆಯೇ? ಬರುವ ಹೊತ್ತಿಗೆ ಪಾಠಗಳು ಬದಲಾಗಿರುತ್ತವೆಯೇ? ಈ ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ರಾಜ್ಯದಲ್ಲಿ 2021-22ರಿಂದ 2023-24ರವರೆಗೆ ಸೇರಿದವರು ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಓದಿದರು. 2024-25ರಿಂದ ಸೇರಿದವರಿಗೆ ಮತ್ತೆ ಮೂರು ವರ್ಷದ ಡಿಗ್ರಿ, ಬೇರೆ ಪಠ್ಯ. ಒಂದರಲ್ಲಿ ನಿಲ್ಲಿಸಿ ಇನ್ನೊಂದರಲ್ಲಿ ಬಂದು ಕೂತವರಿಗೆ ಯಾವ ಪೇಪರಿಗೆ ಯಾವ ಪೇಪರ್ ಸಮ ಅನ್ನುವ ಗೊಂದಲ ತಪ್ಪಿದ್ದಲ್ಲ. ಅದಕ್ಕೇ ಯಾವ ಕಿಟಕಿಗೆ ಹೋದರೂ ಮೊದಲು ಸೇರಿದ ವರ್ಷ ಹೇಳಿ.

ಪಾಸಾದ ಪೇಪರ್‌ಗಳು ಎಲ್ಲಿಗೂ ಹೋಗುವುದಿಲ್ಲ. 2021ರಲ್ಲಿ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಒಂದು ವ್ಯವಸ್ಥೆ ಮಾಡಿತು. ಹೆಸರು ಬ್ಯಾಂಕ್, ದುಡ್ಡಿನ ವ್ಯವಹಾರ ಇಲ್ಲ. ಪಾಸಾದ ವಿಷಯಗಳ ಕ್ರೆಡಿಟ್ ಮಗುವಿನ ಖಾತೆಯಲ್ಲಿ ಜಮಾ ಆಗಿರುತ್ತದೆ, ಸಾಮಾನ್ಯವಾಗಿ ಏಳು ವರ್ಷದವರೆಗೆ ಬಳಸಬಹುದು. ಖಾತೆ ಆಗಿದೆಯೇ ಅಂತ ನೋಡಿಸಿ.

ಮತ್ತೆ ದಿನಾ ಕಾಲೇಜಿಗೆ ಹೋಗಲು ಆಗುವುದೇ ಇಲ್ಲ ಅನ್ನುವವರಿಗೆ ಮೈಸೂರಿನ ಮುಕ್ತಗಂಗೋತ್ರಿಯಲ್ಲಿ 1996ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ. ನಡುವೆ ಕೆಲವು ವರ್ಷ ಅದಕ್ಕೆ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಹಿಂದೆ ಪಾಸಾದ ಸೆಮಿಸ್ಟರ್‌ಗಳನ್ನು ಒಪ್ಪುತ್ತಾರೋ ಇಲ್ಲವೋ ಕೇಳಿಕೊಂಡೇ ಹಣ ಕಟ್ಟಿ. "ವರ್ಷಪೂರ್ತಿ ಫೀಸ್ ಕಟ್ಟಿದರೆ ಮಾತ್ರ ಮಾರ್ಕ್ಸ್‌ಕಾರ್ಡ್ ವಾಪಸ್" ಅಂತ ಕೆಲವು ಕಡೆ ಹೆದರಿಸುವುದನ್ನು ಕೇಳಿದ್ದೇವೆ. ಮಕ್ಕಳ ಮೂಲ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳುವ ಹಾಗಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ. ಅರ್ಜಿಗೆ ಉತ್ತರವೇ ಬರದಿದ್ದರೆ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಬರೆಯಿರಿ. 2023ರ ನಿಯಮದ ಪ್ರಕಾರ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಅದರ ಮೇಲೆ ವಿಶ್ವವಿದ್ಯಾನಿಲಯದ ಒಂಬುಡ್ಸ್‌ಪರ್ಸನ್ ಇರುತ್ತಾರೆ. ನಮ್ಮ ಅನುಭವದಲ್ಲಿ ಅಷ್ಟು ದೂರ ಹೋಗುವ ಅಗತ್ಯ ಬೀಳುವುದು ಕಡಿಮೆ. ನಾಲ್ಕು ಹೆಂಗಸರು ಒಟ್ಟಿಗೆ ಹೋಗಿ ಮರ್ಯಾದೆಯಿಂದ ಕೇಳಿದರೆ ಅರ್ಧ ಕೆಲಸ ಆಗುತ್ತದೆ.

ಸಂಘದಲ್ಲಿ ಮದುವೆಗೆ, ಹಸುವಿಗೆ, ಶುಂಠಿಗೆ ಸಾಲ ಕೊಡುತ್ತೇವೆ. ಪರೀಕ್ಷಾ ಶುಲ್ಕದ ಸಾಲವನ್ನು ಮುಂದಿನ ಸಭೆಗೆ ಕಾಯಿಸದೆ ಅವತ್ತೇ ಕೊಡುವ ಹಾಗೆ ಒಂದು ತೀರ್ಮಾನ ಮಾಡಿ ನಡಾವಳಿಯಲ್ಲಿ ಬರೆದಿಡಿ. ಯಾರ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ, ಯಾವ ಸೆಮಿಸ್ಟರ್, ಅನ್ನೋದೂ ಪುಸ್ತಕದಲ್ಲಿರಲಿ. ಸಾವು, ಕಾಯಿಲೆ, ಹೆರಿಗೆ ಆದ ಮನೆಗೆ ಹೋದಾಗ ಅಕ್ಕಿ, ಬೇಳೆ ಜೊತೆಗೆ ಒಂದು ಬಿಳಿ ಹಾಳೆಯನ್ನೂ ತೆಗೆದುಕೊಂಡು ಹೋಗಿ.

ಮೊದಲು ಹೇಳಿದ ಹುಡುಗಿ ಎಂಟು ತಿಂಗಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋದಳು. ಮುಂದಿನ ವರ್ಷ ಕಾಲೇಜು ಶುರುವಾಗುವ ಹೊತ್ತಿಗೆ ಆಕೆಯ ಅವ್ವ, ಸಂಘದ ಇಬ್ಬರು ಮತ್ತು ನಾವು ಹೋಗಿ ಮೂರನೇ ಸೆಮಿಸ್ಟರ್‌ಗೆ ಮರುಪ್ರವೇಶ ಮಾಡಿಸಿದೆವು. ಒಂದು ವರ್ಷ ಹೋಯಿತು. ತನಗಿಂತ ಚಿಕ್ಕವರ ಜೊತೆ ಕೂರಲು ಮೊದಲ ತಿಂಗಳು ತುಂಬ ನಾಚಿಕೊಂಡಳು. ಈಗ ಐದನೇ ಸೆಮಿಸ್ಟರ್. ಪರೀಕ್ಷಾ ಶುಲ್ಕ ಸಂಘದ ಸಾಲದಿಂದ ಕಟ್ಟಿದ್ದಾರೆ. ರಸೀದಿ ಟ್ರಂಕಿನಲ್ಲಿ, ಹೊಗೆಸೊಪ್ಪಿನ ಬಿಲ್ಲುಗಳ ಜೊತೆಯಲ್ಲಿದೆ.