ಅವ್ವನಿಗೂ ಒಂದು ತವರು

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಮಗಳು ತವರಿನಿಂದ ಗಂಡನ ಮನೆಗೆ ಹೊರಟರೆ ಬರಿಗೈಲಿ ಕಳಿಸುವುದಿಲ್ಲ. ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಅವಳು ಚಾಚಿದ ಸೆರಗಿಗೆ ಅಕ್ಕಿ ಹಾಕುತ್ತಾರೆ. ಅದರ ಮೇಲೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಸಿನ ಬೇರು, ವೀಳ್ಯದೆಲೆ. ಎಲ್ಲಕ್ಕೂ ಮೇಲೆ ಮುಮ್ಮೂಲೆಯಾಗಿ ಮಡಚಿದ ಒಂದು ಗುಳೇದಗುಡ್ಡದ ಖಣ. ಸೆರಗನ್ನು ಹೊಟ್ಟೆಯ ಹತ್ತಿರ ಗಂಟು ಹಾಕಿಕೊಂಡು ಅವಳು ಎದ್ದರೆ ಉಡಿ ತುಂಬಿದಂತಾಯಿತು. ಇದೇ ಸಾಮಾನು ಸವದತ್ತಿ ಗುಡ್ಡದ ಯಲ್ಲಮ್ಮನಿಗೂ ಹೋಗುತ್ತದೆ, ಬಾದಾಮಿಯ ಬನಶಂಕರಿಗೂ ಹೋಗುತ್ತದೆ, ಊರೊಳಗಿನ ದ್ಯಾಮವ್ವ ದುರ್ಗವ್ವರಿಗೂ ಹೋಗುತ್ತದೆ. ದೇವಿ ತಾಯಿ, ಭಕ್ತರು ಮಕ್ಕಳು ಎಂಬುದು ಪುರಾಣಿಕರು ಹೇಳಿಕೊಟ್ಟ ಮಾತು. ಆರತಿಯ ಹಾಡಿನಲ್ಲೂ ಅದೇ ಇರುತ್ತದೆ. ಆದರೆ ಉಡಿಯ ಲೆಕ್ಕಕ್ಕೆ ಬಂದರೆ ಸಂಬಂಧ ತಿರುವುಮುರುವಾಗುತ್ತದೆ. ಅಲ್ಲಿ ಸೆರಗೊಡ್ಡಿದವಳು ದೇವಿ, ತುಂಬುತ್ತಿರುವವಳು ಹೊಲದಿಂದ ಬಂದ ಹೆಂಗಸು. ದೇವಿ ಎಷ್ಟೇ ದೊಡ್ಡವಳಾದರೂ ಹೆಣ್ಣು; ಹೆಣ್ಣೆಂದ ಮೇಲೆ ಅವಳಿಗೊಂದು ತವರು ಬೇಕು; ಆ ತವರು ನಾವೇ. ಈ ಭಾಗದ ದೇವಿಭಕ್ತಿ ನಿಂತಿರುವುದು ಈ ತಿಳಿವಳಿಕೆಯ ಮೇಲೆ ಎಂದು ನನ್ನ ವಾದ. ನಂಬಿಕೆ, ಸ್ತೋತ್ರ, ತತ್ತ್ವ ಎಲ್ಲ ಆಮೇಲಿನವು.

ಸಾಕ್ಷಿಗೆ ದೂರ ಹೋಗಬೇಕಿಲ್ಲ. ಗಜೇಂದ್ರಗಡದ ಕೈಮಗ್ಗಗಳಲ್ಲಿ ಪಟ್ಟೆದ ಅಂಚು ಎಂಬ ಸೀರೆ ನೇಯುತ್ತಿದ್ದರು. ದಪ್ಪ ಹತ್ತಿಯ ನೂಲು, ಚೌಕಳಿ ಒಡಲು, ಅಗಲವಾದ ಅಂಚು, ಒಳಗು ಹೊರಗು ಎಂಬ ಭೇದವಿಲ್ಲದೆ ಎರಡೂ ಮಗ್ಗುಲು ಒಂದೇ. ಹೊಲದ ಕೆಲಸಕ್ಕೆ ತಾಳುವ ಸೀರೆ ಅದು. ಸವದತ್ತಿ ಯಲ್ಲಮ್ಮನಿಗೆ ಒಪ್ಪಿಸುತ್ತಿದ್ದುದೂ ಅದನ್ನೇ. ಪವರ್‌ಲೂಮ್ ಬಂದು ಮಗ್ಗಗಳು ನಿಂತಾಗ ಈ ಸೀರೆ ಹೆಚ್ಚುಕಡಿಮೆ ಮರೆತೇಹೋಗಿತ್ತು. ಈಚಿನ ವರ್ಷಗಳಲ್ಲಿ ಮತ್ತೆ ನೇಯಿಸಲು ತೊಡಗಿದ್ದಾರೆ, ಪಟ್ಟಣದ ಅಂಗಡಿಗಳಲ್ಲಿ ಈಗ ಅದಕ್ಕೆ ಒಳ್ಳೆಯ ಬೆಲೆಯೂ ಇದೆ. ನನಗೆ ಮುಖ್ಯವಾಗಿ ಕಾಣುವುದು ದೇವಿಗೆ ಬೇರೆ ಬಟ್ಟೆ, ಮನೆಯವಳಿಗೆ ಬೇರೆ ಬಟ್ಟೆ ಎಂಬ ಅಂತರ ಇಲ್ಲಿ ಇರಲಿಲ್ಲ ಎಂಬುದು. ಬನಶಂಕರಿಯ ವಿಷಯವೂ ಹಾಗೆಯೇ. ಪುಷ್ಯದ ಹುಣ್ಣಿಮೆಗೆ, ಅಂದರೆ ಬನದ ಹುಣ್ಣಿಮೆಗೆ, ಚೊಳಚಗುಡ್ಡದಲ್ಲಿ ಎಳೆಯುವ ಅವಳ ತೇರಿಗೆ ಹಗ್ಗ ಬರುವುದು ರೋಣ ತಾಲ್ಲೂಕಿನ ಮಾಡಲಗೇರಿಯಿಂದ, ಹಳಿಬಂಡಿಯ ಮೇಲೆ. ತೇರಿಗೆ ಮುಂಚೆ ಪಲ್ಲೇದ ಹಬ್ಬದಲ್ಲಿ 108 ಬಗೆಯ ಕಾಯಿಪಲ್ಲೆಯ ಅಡುಗೆ ಎಡೆಯಾಗುತ್ತದೆ. ಬರಗಾಲದಲ್ಲಿ ತನ್ನ ಮೈಯಿಂದಲೇ ಸೊಪ್ಪು ತರಕಾರಿ ಹುಟ್ಟಿಸಿ ಲೋಕವನ್ನು ಸಲಹಿದ ಶಾಕಂಬರಿ ಅವಳು ಎಂಬುದು ಪುರಾಣದ ಕತೆ. ಮಳೆ ನೆಚ್ಚಿಕೊಂಡ ಎರೆನೆಲದ ಜನಕ್ಕೆ ಆ ಕತೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ನೋಡಿ, ಲೋಕಕ್ಕೆ ಪಲ್ಲೆ ಕೊಟ್ಟವಳಿಗೆ ಪಲ್ಲೆ ಮಾಡಿ ಬಡಿಸುವವರು ಇವರು.

ಮೂರ್ತಿಯೇ ಇಲ್ಲದ ಕಡೆಯೂ ಈ ತವರಿನ ಲೆಕ್ಕ ನಡೆಯುತ್ತದೆ. ಸೀಗಿ ಹುಣ್ಣಿಮೆಗೆ ಹೊಲದ ಬೆಳೆ ಹೊಡೆ ತುಂಬಿ ನಿಂತಿರುವಾಗ ಅದನ್ನು ಬಸುರಿ ಹೆಂಗಸೆಂದೇ ಬಗೆದು, ಬಯಕೆಯ ಊಟವೆಂದು ಕಡುಬು, ಹೋಳಿಗೆ, ಬಗೆಬಗೆಯ ಪಲ್ಲೆ ಬುಟ್ಟಿಯಲ್ಲಿ ಹೊತ್ತೊಯ್ದು ಚರಗ ಚೆಲ್ಲುತ್ತಾರೆ. ಭೂತಾಯಿ ಎಂದು ಕರೆಯುವುದೇನೋ ಹೌದು. ಮಾಡುವುದು ಮಾತ್ರ ಚೊಚ್ಚಲ ಬಸುರಿ ಮಗಳಿಗೆ ಮಾಡುವ ಸೀಮಂತ. ಹೆಸರುಗಳಲ್ಲೂ ಇದೇ ಸಲಿಗೆ. ಯಲ್ಲವ್ವ, ಯಲ್ಲಪ್ಪ, ದ್ಯಾಮವ್ವ, ದ್ಯಾಮಣ್ಣ, ದುರ್ಗಪ್ಪ, ಹುಲಿಗೆವ್ವ: ದೇವಿಯ ಹೆಸರನ್ನು ದಿನಕ್ಕೆ ನೂರು ಸಲ ಕೂಗುತ್ತಾರೆ, ಬೈಯುವಾಗಲೂ ಕೂಗುತ್ತಾರೆ. ಈ ಸಲಿಗೆ ಕಲ್ಲಿನಲ್ಲೂ ಕಾಣುತ್ತದೆ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯ ಶಿಲ್ಪವಿದೆ, ಚಾಲುಕ್ಯರ ಕಾಲದ್ದು. ತಲೆಯ ಜಾಗದಲ್ಲಿ ಅರಳಿದ ಕಮಲ, ಹೆರುವ ಭಂಗಿಯ ಮೈ. ‘ಲಜ್ಜೆ’ ಎಂಬ ಹೆಸರು ನೋಡುವವರ ಸಂಕೋಚದಿಂದ ಬಂದಿರಬೇಕು; ಶಿಲ್ಪದಲ್ಲಿ ನಾಚಿಕೆಯ ಸುಳಿವಿಲ್ಲ.

ಇದೆಲ್ಲ ಹಿಂದೂ ಹಳ್ಳಿಯ ಮಾತಾಯಿತು ಎನ್ನಬಹುದು. ಗದಗ ಜಿಲ್ಲೆಯ ಡಂಬಳಕ್ಕೆ ಬನ್ನಿ. ಅಲ್ಲಿನ 1095ರ ಶಾಸನ ಆರನೆಯ ವಿಕ್ರಮಾದಿತ್ಯನ ಕಾಲದ್ದು. ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರದ ಜೊತೆಗೆ, ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಸಂಗವಯ್ಯ ಸೆಟ್ಟಿ ಕಟ್ಟಿಸಿದ ಆರ್ಯತಾರಾದೇವಿಯ ವಿಹಾರವನ್ನೂ ಅದು ಹೇಳುತ್ತದೆ. ಶಾಸನ ಶುರುವಾಗುವುದೇ ತಾರೆಯ ಸ್ತುತಿಯಿಂದ: ಆನೆ, ಸಿಂಹ, ಬೆಂಕಿ, ಹಾವು, ಕಳ್ಳರು, ಸೆರೆ, ಕಡಲು, ಪಿಶಾಚಿಗಳ ಭಯದಿಂದ ಪಾರುಮಾಡುವವಳು ಅವಳು. ಈ ಪಟ್ಟಿಯನ್ನು ಒಮ್ಮೆ ವ್ಯಾಪಾರಿಯ ಕಣ್ಣಿನಿಂದ ಓದಬೇಕು. ಸರಕು ಹೇರಿಕೊಂಡು ಕಾಡುದಾರಿ ಹಿಡಿದವನಿಗೆ ರಾತ್ರಿ ನಿದ್ದೆ ಕೆಡಿಸುವ ಸಂಗತಿಗಳೇ ಅವು. ನಿರ್ವಾಣದ ಧರ್ಮದಲ್ಲೂ ದಾರಿಗಾರನಿಗೆ ಹೆಸರು ಹಿಡಿದು ಕೂಗಲು ಒಬ್ಬ ತಾಯಿ ಬೇಕಾಗಿದ್ದಳು. ಜೈನರಲ್ಲಿ ತೀರ್ಥಂಕರ ಬೇಡಿದ್ದನ್ನು ಕೊಡುವವನಲ್ಲ, ಅವನು ವೀತರಾಗ. ಹಾಗಾಗಿ ಹುಂಚದಲ್ಲಿ ಜನ ಕಷ್ಟ ಹೇಳಿಕೊಳ್ಳುವುದು ಪದ್ಮಾವತಿಯ ಮುಂದೆ. ಮೊಹರಮ್ಮಿನಲ್ಲಿ ಉತ್ತರ ಕರ್ನಾಟಕದ ಊರುಗಳು ಹಸನ್, ಹುಸೇನರ ಜೊತೆಗೆ ಬೀಬಿ ಫಾತಿಮಾಳ ಪಂಜಾ ಕೂರಿಸುತ್ತವೆ. ಹಿಂದೂ ಮನೆಯವರೂ ಸಕ್ಕರೆ ಓದಿಸುತ್ತಾರೆ, ಚೊಂಗೆ ಮಾಡುತ್ತಾರೆ. ಬೆಂಗಳೂರು ಶಿವಾಜಿನಗರದ ಬೆಸಿಲಿಕಾದಲ್ಲಿ ಮೇರಿಗೆ ಸೀರೆ ಉಡಿಸುತ್ತಾರೆ.

ಹಾಗಾದರೆ ಇವರೆಲ್ಲ ಒಬ್ಬಳೇ ದೇವಿಯ ಬೇರೆಬೇರೆ ರೂಪಗಳೇ? ವೇದಿಕೆಯ ಭಾಷಣಗಳಲ್ಲಿ ಈ ಮಾತು ಚೆನ್ನಾಗಿ ಚಪ್ಪಾಳೆ ಗಿಟ್ಟಿಸುತ್ತದೆ, ನಾನು ಒಪ್ಪುವುದಿಲ್ಲ. ಮುಸ್ಲಿಮರಿಗೆ ಫಾತಿಮಾ ಪ್ರವಾದಿಯ ಮಗಳು, ಮಕ್ಕಳ ದುಃಖ ಹೊತ್ತ ತಾಯಿ, ದೇವರಂತೂ ಅಲ್ಲ. ಮೇರಿಯನ್ನು ಗೌರವಿಸುವುದು ಬೇರೆ, ಆರಾಧಿಸುವುದು ಬೇರೆ ಎಂದು ಕೆಥೊಲಿಕ್ ಸಭೆ ಗೆರೆ ಎಳೆದಿದೆ. ಗದಗಿನ ಬೆಟಗೇರಿಗೆ 1841ರಲ್ಲೇ ಬಂದ ಬಾಸೆಲ್ ಮಿಷನ್ ಪ್ರೊಟೆಸ್ಟಂಟರದ್ದು, ಅವರಲ್ಲಿ ಮೇರಿಗೆ ಹರಕೆಯ ಮಾತೇ ಇಲ್ಲ. ಈ ಗೆರೆಗಳನ್ನು ಅಳಿಸಿ ಎಲ್ಲ ಒಂದೇ ಎಂದರೆ ಯಾರಿಗೂ ಮರ್ಯಾದೆ ಕೊಟ್ಟಂತಾಗುವುದಿಲ್ಲ. ಒಂದಾಗಿರುವುದು ದೇವತೆಯಲ್ಲ, ಹೋಗುವವರ ನಡೆ. ಯಾರ ಮನೆಗೆ ಹೋದರೂ ಏನಾದರೂ ಒಯ್ಯಬೇಕು, ಹೆಣ್ಣಿನ ಮುಂದೆ ಹೆಣ್ಣಿನ ಸಂಕಟ ಹೇಳಿಕೊಳ್ಳಬಹುದು ಎಂಬ ರೂಢಿಯನ್ನೇ ಇವರು ಪಂಜಾದ ಮುಂದೆಯೂ ಒಯ್ಯುತ್ತಾರೆ. ಧರ್ಮ ಬದಲಾಯಿಸಲು ಹೋದವರಲ್ಲ ಅವರು, ಮಾತಾಡಿಸಲು ಹೋದವರು.

ಇದು ಭಕ್ತಿಯೇ ಅಲ್ಲ, ಕೊಡು-ಕೊಳ್ಳುವ ವ್ಯವಹಾರ ಎಂಬ ಆಕ್ಷೇಪ ಹಳೆಯದು. ಮಾರಿ ಮಸಣಿಯರಿಗೆ ಹರಕೆ ಹೊರುವವರನ್ನು ಶರಣರು ಖಾರವಾಗಿಯೇ ಗೇಲಿ ಮಾಡಿದ್ದಾರೆ. ಅವರ ಸಿಟ್ಟಿಗೆ ಕಾರಣವೂ ಇತ್ತು. ಹೆದರಿಕೆಯನ್ನು ಬಂಡವಾಳ ಮಾಡಿಕೊಂಡವರು ಅಂದೂ ಇದ್ದರು, ಈಗಲೂ ಇದ್ದಾರೆ. ಆದರೆ ಬರೀ ವ್ಯವಹಾರವಾಗಿದ್ದರೆ ಕೆಲಸ ಕೆಟ್ಟಾಗ ಲೆಕ್ಕ ಚುಕ್ತಾ ಆಗಬೇಕಿತ್ತು. ಹಾಗೆ ಆಗುವುದಿಲ್ಲ. ಮಳೆ ಬಾರದ ವರ್ಷವೂ ಚರಗ ತಪ್ಪುವುದಿಲ್ಲ, ಕೂಸು ಉಳಿಯದ ಮನೆಯಿಂದಲೂ ಉಡಿ ಹೋಗುತ್ತದೆ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆಗಳಿಂದಲೂ ಬನಶಂಕರಿಗೆ ಬಂಡಿ ಹೊರಡುತ್ತದೆ. ತವರಿನವರು ಮಗಳಿಗೆ ಕೊಡುವುದರಲ್ಲಿ ಲೆಕ್ಕಾಚಾರ ಇಲ್ಲವೆಂದಲ್ಲ. ನಾಲ್ಕು ಜನ ಏನೆಂದಾರು ಎಂಬ ಅಳುಕೂ ಇರುತ್ತದೆ. ಆದರೂ ಅದನ್ನು ಯಾರೂ ವ್ಯಾಪಾರ ಎನ್ನುವುದಿಲ್ಲವಲ್ಲ.

ಎರಡನೆಯ ಆಕ್ಷೇಪಕ್ಕೆ ಇಷ್ಟು ಸಲೀಸಾಗಿ ಉತ್ತರ ಸಿಗುವುದಿಲ್ಲ. ಹೆಣ್ಣುದೇವರನ್ನು ಇಷ್ಟು ಹಚ್ಚಿಕೊಂಡ ನಾಡಿನಲ್ಲಿ ಹೆಣ್ಣಿಗೆ ಸಿಕ್ಕಿದ್ದೇನು? ರೋಣದ ಹತ್ತಿರದ ಸೂಡಿಯ ಶಾಸನಗಳಲ್ಲಿ ಬರುವ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದವಳು, ಯುದ್ಧಕ್ಕೂ ಇಳಿದವಳು. ಅವಳನ್ನು ರಣಭೈರವಿ ಎಂದು ಹೊಗಳಿದರು. ಆದರೆ ಅವಳು ಚಾಲುಕ್ಯ ಅರಸು ಮನೆತನದ ಮಗಳು. ಬಡವರ ಮನೆಯ ಹುಡುಗಿಯರಿಗೆ ದೇವಿಯ ಹೆಸರಿನಲ್ಲಿ ಸಿಕ್ಕಿದ್ದು ದೇವದಾಸಿಯ ಗುರುತಾಗಿ ಕೊರಳಿಗೆ ಕಟ್ಟಿದ ಮುತ್ತು. ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1934ರಲ್ಲಿ ಒಂದು ದೇವದಾಸಿ ಕಾಯ್ದೆ ಬಂತು, ಕರ್ನಾಟಕ 1982ರಲ್ಲಿ ಮತ್ತೊಂದು ಮಾಡಬೇಕಾಯಿತು. ಒಂದು ಸಾಲದೆ ಎರಡು ಬೇಕಾದವು ಎಂಬುದರಲ್ಲೇ ಆ ಪದ್ಧತಿಯ ಬೇರು ಎಷ್ಟು ಆಳವೆಂಬುದು ತಿಳಿಯುತ್ತದೆ. ಅದು ದೇವಿಯ ತಪ್ಪಲ್ಲ, ಜನರದು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ನನ್ನ ವಾದವನ್ನೇ ನಾನು ಗಂಭೀರವಾಗಿ ತೆಗೆದುಕೊಂಡರೆ ಹಾಗೆ ಹೇಳಲಾರೆ. ದೇವಿ ಮನೆಮಗಳಾದರೆ ಮನೆಯ ಕಟ್ಟಳೆಗಳೂ ಅವಳ ಜೊತೆ ಗುಡಿಯೊಳಗೆ ಬರುತ್ತವೆ. ಉಡಿ ಮುತ್ತೈದೆಗೆ ಮಾತ್ರ ಎಂಬ ಕಟ್ಟಳೆ ಮನೆಯದು; ಗುಡಿಯಲ್ಲೂ ಅದೇ ನಡೆಯುತ್ತದೆ.

ಯಲ್ಲಮ್ಮನ ಗುಡ್ಡದಲ್ಲಿ ಇದು ದೇವಿಯ ಮೈಮೇಲೆಯೇ ಕಾಣುತ್ತದೆ. ಗಂಡ ಜಮದಗ್ನಿ ಸತ್ತನೆಂದು ಹೊಸ್ತಿಲ ಹುಣ್ಣಿಮೆಗೆ ಅವಳ ಮಾಂಗಲ್ಯ ವಿಸರ್ಜನೆಯಾಗುತ್ತದೆ. ಜನ ಅದನ್ನು ರಂಡಿ ಹುಣ್ಣಿಮೆ ಎಂದೇ ಕರೆಯುತ್ತಾರೆ. ಮುಂದಿನ ಎರಡು ತಿಂಗಳು, ಲೋಕವೆಲ್ಲ ಉಧೋ ಉಧೋ ಎನ್ನುವ ತಾಯಿಯೇ ವಿಧವೆ. ಮಾಘದ ಭರತ ಹುಣ್ಣಿಮೆಗೆ ಗಂಡ ಮತ್ತೆ ಜೀವ ತಳೆಯುತ್ತಾನೆ, ಅವಳು ಮತ್ತೆ ಮುತ್ತೈದೆ, ಗುಡ್ಡದ ತುಂಬ ಭಂಡಾರ, ಹಸಿರು ಬಳೆಯ ಅಂಗಡಿಗಳ ಸಾಲು. ನರಗುಂದದ ಕಡೆಯಿಂದ ಬಂದ ಚಕ್ಕಡಿಯಲ್ಲಿ ಗಂಡ ಸತ್ತ ಹೆಂಗಸೂ ಇರುತ್ತಾಳೆ. ದೇವಿಗೆಂದು ತಂದ ಖಣ, ಕೊಬ್ಬರಿ, ಅಕ್ಕಿಯ ಗಂಟನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದಿರುತ್ತಾಳೆ. ಗುಡಿ ಹತ್ತಿರವಾದಾಗ ಅದನ್ನು ಸೊಸೆಯ ಕೈಗೆ ಕೊಡುತ್ತಾಳೆ.