ಗೋಡೆಯು ಗಾಳಿಯನ್ನು ತೊಳೆಯಬಲ್ಲುದೇ?

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ನೆಲೆಸಿರುವ ಸದ್ಭಕ್ತರಲ್ಲಿ ಹಲವರು ಮಳೆಗಾಲ ಕಳೆದೊಡನೆ ಮನೆಗೆ ಬಣ್ಣ ಹೊಡೆಸುವ ಸಿದ್ಧತೆಗೆ ತೊಡಗುತ್ತಾರೆ. ನಾಲ್ಕು ತಿಂಗಳ ಮಳೆಗೆ ಪಾಚಿಗಟ್ಟಿ ಕಪ್ಪಾದ ಗೋಡೆಯನ್ನು ದೀಪಾವಳಿಯೊಳಗೆ ಬೆಳ್ಳಗಾಗಿಸಬೇಕೆಂಬುದು ಎಲ್ಲರ ಹಂಬಲ. ಈಚೆಗೆ ಬಣ್ಣದ ಅಂಗಡಿಯಿಂದ ಹಿಂದಿರುಗಿದವರು ನಮ್ಮಲ್ಲಿ ಹೊಸದೊಂದು ಪ್ರಶ್ನೆಯನ್ನು ಕೇಳತೊಡಗಿದ್ದಾರೆ: “ಗಾಳಿಯನ್ನೇ ಶುದ್ಧ ಮಾಡುವ ಬಣ್ಣ ಬಂದಿದೆಯಂತೆ ಡಾಕ್ಟ್ರೇ, ಸ್ವಲ್ಪ ದುಬಾರಿ. ಅಮ್ಮನಿಗೆ ಉಬ್ಬಸವಿದೆಯಲ್ಲ, ಅದನ್ನೇ ಹೊಡೆಸೋಣವೇ?”

ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇದರ ಹಿಂದೆ ಒಬ್ಬ ತಾಯಿಯ ಉಸಿರೂ ಒಂದು ಸಂಸಾರದ ಉಳಿತಾಯವೂ ಇವೆ. ಅಂಗಡಿಯವರು ಹೇಳುವುದು ಪೂರ್ಣ ಸುಳ್ಳಲ್ಲ. ಆದರೆ ಅದರಲ್ಲಿರುವ ಸತ್ಯವು ನಮ್ಮ ಮನೆಯ ಒಳಗೋಡೆಗೆ ಅನ್ವಯಿಸುವಂಥದ್ದಲ್ಲ.

ಇಲ್ಲಿ ಕೆಲಸ ಮಾಡುವ ವಸ್ತುವಿನ ಹೆಸರು ಟೈಟಾನಿಯಂ ಡೈಆಕ್ಸೈಡ್. ಇದೊಂದು ಅಚ್ಚಬಿಳಿಯ ಪುಡಿ. ಕೇರಳದ ಕೊಲ್ಲಂ ಜಿಲ್ಲೆಯ ಚವರ ಕಡಲತೀರದ ಕರಿಮರಳಿನಲ್ಲಿ ಸಿಗುವ ಇಲ್ಮನೈಟ್ ಎಂಬ ಖನಿಜದಿಂದ ಇದನ್ನು ತಯಾರಿಸುವ ಕಾರ್ಖಾನೆ ಅಲ್ಲಿಯೇ ಇದೆ. ಹಿಂದೆ ಬಿಳಿ ಬಣ್ಣಕ್ಕೆ ಸೀಸದ ಸಂಯುಕ್ತವನ್ನು ಬಳಸುತ್ತಿದ್ದರು. ಆ ವಿಷವಸ್ತುವಿನ ಸ್ಥಾನಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಬಂದದ್ದು ಈ ಪುಡಿ. ಇಂದು ಹೆಚ್ಚುಕಡಿಮೆ ಎಲ್ಲ ಬಿಳಿ ಬಣ್ಣದ ಡಬ್ಬಿಗಳಲ್ಲಿ, ಕೆಲವು ಮಾತ್ರೆಗಳ ಹೊದಿಕೆಯಲ್ಲಿ, ಹಲ್ಲುಜ್ಜುವ ಪೇಸ್ಟಿನಲ್ಲಿಯೂ ಅದಿದೆ. ಆಹಾರದಲ್ಲಿ ಇದನ್ನು ಬೆರೆಸುವುದನ್ನು ಯುರೋಪಿನ ಒಕ್ಕೂಟವು 2022ರಲ್ಲಿ ನಿಷೇಧಿಸಿತು. ಅದು ಹೊಟ್ಟೆಗೆ ಸಂಬಂಧಿಸಿದ ವಿಚಾರ. ಗೋಡೆಯ ವಿಚಾರ ಬೇರೆ.

ಈ ಪುಡಿಗೆ ಬೆಳಕಿನೊಡನೆ ವಿಶೇಷ ಸಂಬಂಧವೊಂದಿದೆ. ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ ಎಂಬ ವಿಜ್ಞಾನಿಗಳು, ನೀರಿನಲ್ಲಿ ಮುಳುಗಿಸಿದ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿದ್ದಾಗ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆಯುವುದನ್ನು 1972ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸೂರ್ಯನ ಅತಿನೇರಳೆ ಕಿರಣ ತಾಗಿದೊಡನೆ ಪುಡಿಯ ಕಣದೊಳಗಿನ ಇಲೆಕ್ಟ್ರಾನು ಸ್ಥಾನ ಬಿಟ್ಟು ಏಳುತ್ತದೆ. ಆ ಚಲನೆಯಿಂದ ಗಾಳಿಯಲ್ಲಿರುವ ತೇವಾಂಶವೂ ಆಮ್ಲಜನಕವೂ ಬಹಳ ಚುರುಕಾದ ಕಣಗಳಾಗಿ ಮಾರ್ಪಡುತ್ತವೆ. ಇವು ವಾಹನಗಳ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳನ್ನು ನೈಟ್ರೇಟ್ ಎಂಬ ಲವಣವನ್ನಾಗಿ ಮಾಡುತ್ತವೆ. ಮಳೆ ಬಂದಾಗ ಆ ಲವಣ ತೊಳೆದುಹೋಗುತ್ತದೆ. ಪುಡಿ ಮಾತ್ರ ಸವೆಯದೆ ಗೋಡೆಯಲ್ಲಿಯೇ ಉಳಿಯುತ್ತದೆ. ಬೇಯಿಸಿದ ಪಾತ್ರೆಯೇ ಅನ್ನವಾಗುವುದಿಲ್ಲವಷ್ಟೆ, ಹಾಗೆ.

ಈ ಗುಣವನ್ನು ನಂಬಿ ಕಟ್ಟಡಗಳನ್ನೂ ಕಟ್ಟಿದ್ದಾರೆ. ರೋಮ್ ನಗರದಲ್ಲಿ 2003ರಲ್ಲಿ ತೆರೆದ, ರಿಚರ್ಡ್ ಮಯರ್ ವಿನ್ಯಾಸಗೊಳಿಸಿದ ಜುಬಿಲಿ ಚರ್ಚಿನ ಬಿಳಿಯ ಕಾಂಕ್ರೀಟಿಗೆ ಇದನ್ನು ಬೆರೆಸಿದರು. ಗಾಳಿಯ ಶುದ್ಧಿಗಿಂತಲೂ ಗೋಡೆ ಬೆಳ್ಳಗೆ ಉಳಿಯಲೆಂಬುದು ಅಲ್ಲಿನ ಮೊದಲ ಉದ್ದೇಶವಾಗಿತ್ತು. ಮೆಕ್ಸಿಕೋ ನಗರದ ಮಾನುಯೆಲ್ ಗೆಯಾ ಗೊನ್ಸಾಲೆಸ್ ಆಸ್ಪತ್ರೆಯ ಮುಂಭಾಗಕ್ಕೆ ಇದೇ ಲೇಪವುಳ್ಳ ಜಾಲರಿಯನ್ನು ತೊಡಿಸಿದ್ದಾರೆ. ಆಸ್ಪತ್ರೆಯ ಗೋಡೆಯೇ ಔಷಧವಾಗಬೇಕೆಂಬ ಆ ಕಲ್ಪನೆಯು ವೈದ್ಯರಾದ ನಮಗೂ ಪ್ರಿಯವೇ.

ಕಲ್ಪನೆ ಪ್ರಿಯವಾದರೂ ಫಲವನ್ನು ಅಳೆದು ನೋಡಬೇಕಲ್ಲ. ಬ್ರಿಟನ್ ಸರ್ಕಾರಕ್ಕೆ ಸಲಹೆ ನೀಡುವ ವಾಯುಗುಣಮಟ್ಟದ ತಜ್ಞರ ಸಮಿತಿಯು ಇಂತಹ ಬಣ್ಣ, ಲೇಪಗಳನ್ನು ಕುರಿತ ಅಧ್ಯಯನಗಳನ್ನು ಪರಿಶೀಲಿಸಿ, ಇವುಗಳ ವ್ಯಾಪಕ ಬಳಕೆಯಿಂದ ಬೀದಿಯ ಗಾಳಿಯಲ್ಲಿ ಗಣನೀಯ ಸುಧಾರಣೆಯಾಗುತ್ತದೆಂಬುದಕ್ಕೆ ತಕ್ಕ ಆಧಾರವಿಲ್ಲವೆಂದು 2016ರಲ್ಲಿ ತಿಳಿಸಿತು. ಕಾರಣ ಸರಳವಾದುದು. ಗೋಡೆಗೆ ತಾಗಿದ ಗಾಳಿ ಮಾತ್ರ ಶುದ್ಧವಾಗುತ್ತದೆ; ಬೀದಿಯ ಗಾಳಿಯಲ್ಲಿ ಬಹುಪಾಲು ಗೋಡೆಗೆ ತಾಗದೆಯೇ ಹೋಗುತ್ತದೆ.

ಈಗ ನಮ್ಮ ಕರಾವಳಿಗೆ ಬರೋಣ. ಈ ಲೇಪಕ್ಕೆ ಬಿಸಿಲೂ ಬೇಕು, ಮಳೆಯೂ ಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ನಾಡಿನಲ್ಲಿ ತೊಳೆಯುವುದಕ್ಕೆ ನೀರಿನ ಕೊರತೆಯಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಉಬ್ಬಸದವರು ಅತ್ಯಂತ ಬಳಲುವ ಕಾಲದಲ್ಲಿಯೇ, ಮೋಡ ಮುಚ್ಚಿ ಬಿಸಿಲು ಕುಗ್ಗಿರುತ್ತದೆ. ಮನೆಯ ಒಳಗಂತೂ ಈ ಲೇಪಕ್ಕೆ ಕೆಲಸವೇ ಇಲ್ಲವೆನ್ನಬಹುದು. ಅತಿನೇರಳೆ ಕಿರಣದ ಒಂದು ಪಾಲನ್ನು ಕಿಟಕಿಯ ಗಾಜು ತಡೆಯುತ್ತದೆ; ಎಲ್‌ಇಡಿ ದೀಪದ ಬೆಳಕಿನಲ್ಲಿ ಅದು ಇರುವುದೇ ಇಲ್ಲ. ಮಂದ ಬೆಳಕಿನಲ್ಲಿ ಕ್ರಿಯೆ ಅರ್ಧಕ್ಕೆ ನಿಂತರೆ ಬಣ್ಣ, ವಾರ್ನಿಷುಗಳ ಆವಿಯಿಂದ ಫಾರ್ಮಾಲ್ಡಿಹೈಡ್‌ನಂತಹ, ಕಣ್ಣು ಗಂಟಲುಗಳನ್ನು ಕೆರಳಿಸುವ ಅನಿಲಗಳು ಹುಟ್ಟುವುದೂ ಪ್ರಯೋಗಗಳಲ್ಲಿ ಕಂಡುಬಂದಿದೆ.

ಇನ್ನೂ ಒಂದು ಸೂಕ್ಷ್ಮವಿದೆ. “ಇದರಲ್ಲಿ ಟೈಟಾನಿಯಂ ಇದೆ” ಎಂದು ಅಂಗಡಿಯಲ್ಲಿ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಸಾಮಾನ್ಯ ಬಣ್ಣದಲ್ಲಿರುವುದು ರೂಟೈಲ್ ಎಂಬ ಬಗೆ. ಅದು ಬಿಸಿಲಿಗೆ ಕೆರಳಿ ಬಣ್ಣವನ್ನೇ ಪುಡಿಗಟ್ಟಿಸಬಾರದೆಂದು ಕಣಕ್ಕೆ ಬೇರೊಂದು ಹೊದಿಕೆ ಕೊಟ್ಟಿರುತ್ತಾರೆ. ಗಾಳಿಯ ಮೇಲೆ ಕೆಲಸ ಮಾಡುವುದು ಹೆಚ್ಚಾಗಿ ಅನಟೇಸ್ ಎಂಬ ಇನ್ನೊಂದು ಬಗೆ. ಯಾವ ಬೆಳಕಿನಲ್ಲಿ, ಯಾವ ಅನಿಲದ ಮೇಲೆ, ಐಎಸ್‌ಒ 22197 ಎಂಬ ಅಂತರರಾಷ್ಟ್ರೀಯ ವಿಧಾನದಂತೆ ಪರೀಕ್ಷೆಯಾಗಿದೆಯೇ ಎಂದು ಕೇಳಿ. ಉತ್ತರ ಬಾರದಿದ್ದರೆ ಹೆಚ್ಚಿನ ಹಣ ತೆರಬೇಕಾಗಿಲ್ಲ. ಹೆದ್ದಾರಿ 66ಕ್ಕೆ ಮುಖ ಮಾಡಿದ, ಬಿಸಿಲು ಬೀಳುವ ಹೊರಗೋಡೆಗೆ ಸಾಚಾ ಲೇಪವನ್ನು ಹಚ್ಚಿದರೆ ಗೋಡೆ ಹೆಚ್ಚು ಕಾಲ ಶುಭ್ರವಾಗಿದ್ದೀತು. ನಾವು ಒಪ್ಪುವುದು ಅಷ್ಟನ್ನು.

ಹಾಗಾದರೆ ಆ ತಾಯಿಯ ಉಸಿರನ್ನು ಕಟ್ಟಿಸುತ್ತಿರುವುದು ಯಾವುದು? ಚರಕಸಂಹಿತೆಯ ಚಿಕಿತ್ಸಾಸ್ಥಾನದ ಹದಿನೇಳನೆಯ ಅಧ್ಯಾಯವು ಶ್ವಾಸರೋಗದ ಕಾರಣಗಳನ್ನು ಎಣಿಸುವಾಗ ಧೂಳು, ಹೊಗೆ, ಗಾಳಿ, ತಣ್ಣಗಿನ ಸ್ಥಳ, ತಣ್ಣೀರುಗಳನ್ನು ಹೆಸರಿಸುತ್ತದೆ. ತಮಕಶ್ವಾಸವು ಮೋಡ, ಮಳೆ, ಶೀತಗಳಲ್ಲಿ ಉಲ್ಬಣಿಸುತ್ತದೆಂದೂ ಹೇಳುತ್ತದೆ. ಕುಂದಾಪುರದ ಶ್ರಾವಣಮಾಸವನ್ನು ಕಂಡೇ ಬರೆದಂತಿದೆ! ಟೈಟಾನಿಯಂ ಲೇಪ ಕೆಲಸ ಮಾಡುವುದು ಮುಖ್ಯವಾಗಿ ಅನಿಲಗಳ ಮೇಲೆ. ನಮ್ಮ ಮನೆಗಳ ತೊಂದರೆ ಬಹುಮಟ್ಟಿಗೆ ಧೂಳು, ಹೊಗೆ, ಬೂಷ್ಟುಗಳದ್ದು.

ಹೊಗೆಯ ಮೂಲವನ್ನು ವಿಚಾರಿಸಿದಾಗ ನಮಗೆ ಮತ್ತೆ ಮತ್ತೆ ಸಿಗುವುದು ಬಚ್ಚಲೊಲೆ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷಗಳಾದವು. ಸ್ನಾನದ ಹಂಡೆಯ ಕೆಳಗೆ ಮಾತ್ರ ತೆಂಗಿನ ಮಡಲು, ಸಿಪ್ಪೆ, ಗೆರಟೆಗಳು ಇಂದಿಗೂ ಉರಿಯುತ್ತವೆ. ಮಳೆಗಾಲದಲ್ಲಿ ಅವು ಒದ್ದೆಯಾಗಿ, ಉರಿಗಿಂತ ಹೊಗೆಯೇ ಹೆಚ್ಚು. ಮುಂಜಾನೆ ಮೊದಲು ಎದ್ದು ಒಲೆ ಊದುವವರು ಮನೆಯ ಹಿರಿಯ ಹೆಂಗಸೇ. ಬಣ್ಣಕ್ಕೆ ಕೊಡುವ ಹೆಚ್ಚುವರಿ ಹಣದಿಂದ ಬಚ್ಚಲಿಗೆ ಮಾಡಿನ ಮೇಲಕ್ಕೆ ಏರುವ ಹೊಗೆಗೂಡನ್ನು ಕಟ್ಟಿಸಿ. ಮಳೆ ಹಿಡಿಯುವ ಮೊದಲೇ ಸೌದೆಯನ್ನು ಮಾಡಿನಡಿಗೆ ಸೇರಿಸಿ. ಒಲೆಯ ಬದಲು ಗ್ಯಾಸ್ ಗೀಸರ್ ಇರಿಸುವವರು ಅದನ್ನು ಸ್ನಾನದ ಕೋಣೆಯ ಹೊರಗೇ ಕೂರಿಸಬೇಕು. ಮುಚ್ಚಿದ ಕೋಣೆಯಲ್ಲಿ ಅದು ಹೊಮ್ಮಿಸುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣವನ್ನೇ ತೆಗೆದೀತು.

ಪೂಜಾಗೃಹದ ಮಾತನ್ನೂ ಸಂಕೋಚವಿಲ್ಲದೆ ಹೇಳುತ್ತೇವೆ. ಇಷ್ಟಲಿಂಗ ಪೂಜೆಗೆ ಕುಳಿತು ದೀರ್ಘವಾಗಿ ಉಸಿರಾಡುವ ಹೊತ್ತಿನಲ್ಲಿ ಮುಚ್ಚಿದ ಕೋಣೆಯ ತುಂಬ ಊದುಬತ್ತಿಯ ಹೊಗೆಯಿರುವುದು ಉಬ್ಬಸದವರಿಗೆ ಹಿತವಲ್ಲ. ಕಿಟಕಿ ತೆರೆದು ಧೂಪವನ್ನು ಅರ್ಪಿಸಿ, ಹೊಗೆ ಚದುರಿದ ಮೇಲೆ ಕುಳಿತುಕೊಳ್ಳಬಹುದು. ರಾತ್ರಿ ಉರಿಸುವ ಸೊಳ್ಳೆಬತ್ತಿಗಿಂತ ಸೊಳ್ಳೆಪರದೆ ಮೇಲು.

ಇನ್ನು ಬೂಷ್ಟು. ಮಳೆಗಾಲದಲ್ಲಿ ನೆಲದ ಆವಿಯೂ ತುಂತುರೂ ತಾಗದ ಎತ್ತರದ ನೆಲೆಯಲ್ಲಿ ವಾಸಿಸಬೇಕೆಂದು ವಾಗ್ಭಟನು ಋತುಚರ್ಯೆಯಲ್ಲಿ ವಿಧಿಸಿದ್ದಾನೆ. ಮುರಕಲ್ಲಿನ ಗೋಡೆ ನೀರನ್ನು ಹೀರುತ್ತದೆ; ಅದರ ಮೇಲೆ ಪ್ಲಾಸ್ಟಿಕ್ಕಿನಂತಹ ಬಣ್ಣವನ್ನು ಮೆತ್ತಿದರೆ ತೇವ ಒಳಗೇ ಉಳಿದು ಬೂಷ್ಟು ಏಳುತ್ತದೆ. ಮೊದಲು ಮಾಡಿನ ಸೋರಿಕೆಯನ್ನು ನಿಲ್ಲಿಸಿ, ಗೋಡೆ ಪೂರ್ಣ ಒಣಗಿದ ಬಳಿಕ ಒಳಗೆ ಚಿಪ್ಪಿನ ಸುಣ್ಣವನ್ನು ಎರಡು ಕೈ ಬಳಿಸಬಹುದು. ಸುಣ್ಣದ ಕ್ಷಾರಗುಣವು ಬೂಷ್ಟನ್ನು ತಡೆಯುತ್ತದೆ, ಗೋಡೆಗೂ ಉಸಿರಾಡಲು ಬಿಡುತ್ತದೆ. ಬಳಿಯುವಾಗ ಕಣ್ಣಿಗೆ ಹಾರದಂತೆ ನೋಡಿಕೊಳ್ಳಬೇಕು. ಇವೆಲ್ಲವನ್ನೂ ಮಾಡಿದರೂ, ವೈದ್ಯರು ಕೊಟ್ಟ ಇನ್‌ಹೇಲರನ್ನು ಯಾರೂ ತಾವಾಗಿ ನಿಲ್ಲಿಸಬಾರದು.

ಬಣ್ಣ ಬಳಿಯುವ ಕಾಯಕದವರ ಶ್ವಾಸಕೋಶದ ಚಿಂತೆಯೂ ನಮ್ಮದೇ. ಉಸಿರಿನೊಡನೆ ಒಳಹೋಗುವ ಟೈಟಾನಿಯಂ ಡೈಆಕ್ಸೈಡಿನ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ‘ಬಹುಶಃ ಕ್ಯಾನ್ಸರ್ ತರಬಲ್ಲ’ ವಸ್ತುಗಳ 2ಬಿ ಗುಂಪಿಗೆ ಸೇರಿಸಿದೆ. ಒಣಗಿದ ಗೋಡೆಯಿಂದ ಅದು ಹಾರಿಬರುವುದಿಲ್ಲ. ಹಳೆಯ ಬಣ್ಣವನ್ನು ಕೆರೆದು ಉಜ್ಜುವಾಗ ಏಳುತ್ತದೆ. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಾಗಿಲು, ಕಿಟಕಿಗಳ ಬಣ್ಣದಲ್ಲಿ ಸೀಸವಿರಬಹುದು. ಆದುದರಿಂದ ಒಣಗೆ ಉಜ್ಜದೆ ನೀರು ಚಿಮುಕಿಸಿ ಉಜ್ಜಲು ಹೇಳಿ, ಕೆಲಸದವರಿಗೆ ಒಳ್ಳೆಯ ಮುಖಗವಸು ಕೊಡಿಸಿ, ಬಿದ್ದ ಪುಡಿಯನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಿ ತೆಗೆಯಿರಿ. ಗರ್ಭಿಣಿಯರು, ಚಿಕ್ಕ ಮಕ್ಕಳು ಮತ್ತು ಉಬ್ಬಸದವರು ಆ ಕೆಲಸ ಮುಗಿದು, ಬಣ್ಣದ ವಾಸನೆ ಪೂರ್ಣ ಆರುವವರೆಗೆ ನೆಂಟರ ಮನೆಯಲ್ಲಿರುವುದು ಲೇಸು.